ಡಾಕ್ಟ್ರು ಏನಂದ್ರು?

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ, ಏಳನೇ ಕ್ಲಾಸಿನಲ್ಲಿ. ನಿಲ್ಲಿಸಿದೆ ಅಂತ ನಾನು ಹೇಳುತ್ತೇನೆ, ನಿಲ್ಲಿಸಿದ್ದು ನಾವೇ ಅಂತ ಮೇಷ್ಟ್ರು ಹೇಳುತ್ತಿದ್ದರು. ಗಣಿತದಲ್ಲಿ ನನಗೆ ಬಂದ ಅಂಕ ನೋಡಿ ನಮ್ಮಪ್ಪ ಒಂದು ಮಾತೂ ಬೈಯಲಿಲ್ಲ. ಮಾರನೆಯ ಬೆಳಿಗ್ಗೆ ಕೈಗೆ ಉಳಿ ಸುತ್ತಿಗೆ ಕೊಟ್ಟ, ಅಷ್ಟೆ. ನಾವು ಮರಗೆಲಸದ ಆಚಾರಿಗಳು. ನಾಲ್ಕು ವರ್ಷ ಊರೂರಿಗೆ ನೇಗಿಲು, ಬಾಗಿಲು, ಕಿಟಕಿ ಮಾಡಿಕೊಂಡಿದ್ದೆ. ಒಂದು ದಿನ ಕೆ.ಆರ್. ಪೇಟೆಯ ಮೂಳೆ ಡಾಕ್ಟರ ಆಸ್ಪತ್ರೆಗೆ ಬಾಗಿಲು ಕೂರಿಸಲು ಹೋದವನು ಬಾಗಿಲು ಕೂರಿಸಿ ನಾನೂ ಅಲ್ಲೇ ಕೂತುಬಿಟ್ಟೆ. ಆಗಿದ್ದ ಹಳೇ ಡಾಕ್ಟರು ನನ್ನ ಕೈಕೆಲಸ ನೋಡಿ, "ಲೇ ಸಿದ್ದ, ಮರ ಕೂಡಿಸೋನಿಗೆ ಮೂಳೆ ಕೂಡಿಸಕ್ಕಾಗಲ್ವೇನ್ಲಾ? ಬಾ ಇಲ್ಲಿ, ಈ ಕಾಲು ಹಿಡ್ಕೋ" ಅಂದರು. ಹಿಡಿದುಕೊಂಡೆ. ಮೂವತ್ತನಾಲ್ಕು ವರ್ಷವಾಯಿತು, ಇನ್ನೂ ಹಿಡಿದುಕೊಂಡೇ ಇದ್ದೇನೆ. ಸಿಮೆಂಟ್ ಕಟ್ಟು ಅಂತ ಜನ ಕರೆಯುವ ಆ ಬಿಳಿ ಪಟ್ಟಿಯನ್ನು ನೆನೆಸಿ, ಸುತ್ತಿ, ನುಣ್ಣಗೆ ಮಾಡುವುದರಲ್ಲಿ ಈ ನಾಲ್ಕು ತಾಲೂಕಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆ, ಯಾಕೆಂದರೆ ಬೇರೆಯವರು ಹೇಳಲಿ ಅಂತ ಮೂವತ್ತನಾಲ್ಕು ವರ್ಷ ಕಾದು ಸಾಕಾಗಿದೆ.

ಸಾಕಾಗಿರುವುದು ಅದೊಂದೇ ಅಲ್ಲ. ಬೆಳಿಗ್ಗೆ ಒಂಬತ್ತಕ್ಕೆ ನಾಗಮಂಗಲದ ಬಸ್ಸು ಬಂತೆಂದರೆ ಕುಂಟುವವರೆಲ್ಲ ಒಟ್ಟಿಗೆ ಇಳಿಯುತ್ತಾರೆ. ಅದರ ಹಿಂದೆ ಪಾಂಡವಪುರದ್ದು. ಶ್ರೀರಂಗಪಟ್ಟಣದವರು ಮೈಸೂರು ಪಕ್ಕದಲ್ಲಿದ್ದರೂ ಅದನ್ನು ಬಿಟ್ಟು ಇಲ್ಲಿಗೇ ಬರುತ್ತಾರೆ. ಕೇಳಿದರೆ "ಇಲ್ಲಿ ಕೈಗುಣ ಚೆನ್ನಾಗದೆ" ಅನ್ನುತ್ತಾರೆ. ಯಾರ ಕೈ ಅಂತ ಬಿಡಿಸಿ ಹೇಳಿದರೆ ನನಗೂ ಸ್ವಲ್ಪ ಸಮಾಧಾನವಾಗುತ್ತಿತ್ತು. ಟೋಕನ್ ಕೂಗುವವನು ನಾನು, ಎಕ್ಸ್‌ರೇಗೆ ಕಳಿಸುವವನು ನಾನು, ಕಟ್ಟು ಕಟ್ಟುವವನು, ಕಟ್ಟು ಕೊಯ್ಯುವವನು ನಾನು. ಆದರೆ ಇದೆಲ್ಲ ಲೆಕ್ಕಕ್ಕಿಲ್ಲ. ನನ್ನ ನಿಜವಾದ ಕೆಲಸ ಬೇರೆ ಇತ್ತು, ಅದು ಯಾವ ರಿಜಿಸ್ಟರಿನಲ್ಲೂ ಬರೆದಿರಲಿಲ್ಲ.

ನಮ್ಮ ಕಡೆ ಜನ ಡಾಕ್ಟರ ಮುಂದೆ ಕೂತು ಎಲ್ಲದಕ್ಕೂ ತಲೆ ಆಡಿಸುತ್ತಾರೆ. "ಅರ್ಥ ಆಯ್ತಾ?" ಅಂದರೆ "ಊ ಸಾ" ಅನ್ನುತ್ತಾರೆ. ಅರ್ಥ ಆಗಲಿಲ್ಲ ಅಂದರೆ ಡಾಕ್ಟರಿಗೆ ಅವಮಾನ ಮಾಡಿದ ಹಾಗೆ ಅಂತ ಅವರ ಲೆಕ್ಕ. ಆಮೇಲೆ ಬಾಗಿಲು ದಾಟಿ ಹೊರಗೆ ಬಂದು, ಚೀಟಿಯನ್ನು ನನ್ನ ಮುಖಕ್ಕೆ ಹಿಡಿದು, "ಸಿದ್ದಣ್ಣ, ಡಾಕ್ಟ್ರು ಏನಂದ್ರು?" ಅಂತ ಕೇಳುತ್ತಾರೆ. ನಾನು ಒಳಗಿರಲಿಲ್ಲ, ಹೊರಗೆ ಟೋಕನ್ ಕೂಗುತ್ತಿದ್ದೆ. ಆದರೂ ಹೇಳುತ್ತಿದ್ದೆ. ಗೊತ್ತಿಲ್ಲ ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ, ಅದು ನಮ್ಮ ವಂಶದಲ್ಲೇ ಇಲ್ಲ. ನಮ್ಮ ತಾತ ಒಂದು ಬಾಗಿಲನ್ನು ತಲೆಕೆಳಗಾಗಿ ಕೂರಿಸಿ, "ಈ ಮನೆಗೆ ಇಂಗೇ ಕೂರಬೇಕು, ವಾಸ್ತು" ಅಂದನಂತೆ. ಆ ಮನೆಯವರು ಮೂರು ತಲೆಮಾರು ಬಗ್ಗಿ ಚಿಲಕ ಹಾಕಿದರು.

ಹಳೇ ಡಾಕ್ಟರ ಕಾಲದಲ್ಲಿ ಇದರಿಂದ ತೊಂದರೆ ಆಗಲಿಲ್ಲ. ಅವರು ಮಾತಾಡುತ್ತಲೇ ಇರಲಿಲ್ಲ, ಬೈಯುತ್ತಿದ್ದರು. "ಲೇ, ಕಾಲು ನೆಲಕ್ಕೆ ಊರಿದ್ರೆ ಕತ್ತರಿಸಿ ಕೈಗೆ ಕೊಡ್ತೀನಿ" ಅನ್ನುವುದು ಅವರ ಸಲಹೆ. ಅದು ನಾಗಮಂಗಲದವರೆಗೂ ಅರ್ಥವಾಗುತ್ತಿತ್ತು. ಅವರಾದ ಮೇಲೆ ಅವರ ಅಳಿಯ ಬಂದರು, ಮಂಗಳೂರು ಕಡೆಯವರು. ಬಹಳ ಒಳ್ಳೆಯ ಮನುಷ್ಯ, ಕೈಯೂ ಚೊಕ್ಕ, ಆದರೆ ಮಾತು ಶಾಲೆಯ ಪುಸ್ತಕದ ಹಾಗೆ. "ನೀವು ದಯವಿಟ್ಟು ಕುಳಿತುಕೊಳ್ಳಿ, ನಿಮಗೆ ಯಾವಾಗಿನಿಂದ ನೋವು ಉಂಟು?" ಅಂದರೆ ನಮ್ಮವರು ಹೊಸ ತಹಶೀಲ್ದಾರರು ವಿಚಾರಣೆಗೆ ಬಂದಿದ್ದಾರೆ ಅಂದುಕೊಂಡು ಎದ್ದು ನಿಲ್ಲುತ್ತಿದ್ದರು.

ಹೋದ ವರ್ಷ ಡಾಕ್ಟರು ಮೈಸೂರಿಗೆ ಒಂದು ದಿನದ ಮೀಟಿಂಗಿಗೆ ಹೋಗಿ ಬಂದರು. ಈಗೀಗ ರೋಗಿಗಳು ಡಾಕ್ಟರ ಮೇಲೆ ಕೇಸು ಹಾಕುವುದು ಹೆಚ್ಚಾಗಿದೆಯಂತೆ. ಹಾಕುವವರೆಲ್ಲ ಮದ್ದು ಕೆಟ್ಟಿತು ಅಂತ ಹಾಕುವುದಿಲ್ಲವಂತೆ, ಡಾಕ್ಟರು ಮುಖ ಕೊಟ್ಟು ಮಾತಾಡಲಿಲ್ಲ ಅನ್ನುವ ಸಿಟ್ಟಿಗೇ ಎಷ್ಟೋ ಜನ ಹಾಕುತ್ತಾರಂತೆ. ಅದಕ್ಕೆ ರೋಗಿ ಬಂದರೆ ಎದ್ದು ನಿಲ್ಲಬೇಕು, ಹೆಸರು ಹಿಡಿದು ಮಾತಾಡಿಸಬೇಕು, ಅವರ ಮಾತಿಗೆ ಅಡ್ಡ ಬರಬಾರದು, ಕೊನೆಗೆ ಇನ್ನೇನಾದರೂ ಕೇಳುವುದಿದೆಯಾ ಅಂತ ಕೇಳಬೇಕು, ಹೇಳಿದ್ದನ್ನೆಲ್ಲ ಬರೆದು ಸಹಿ ತಗೋಬೇಕು. ಡಾಕ್ಟರು ಇದನ್ನು ನನಗೆ ವಿವರಿಸಿ, "ನಾಳೆಯಿಂದ ಹೀಗೆ, ಸಿದ್ದಾಚಾರ್ರೇ" ಅಂದರು. ಇನ್ನು ನಿಲ್ಲಬೇಕಾದ ಹೊತ್ತು ನೆನೆದು ನನ್ನ ಮೊಣಕಾಲು ಆಗಲೇ ನೋಯತೊಡಗಿತು.

ಮಾರನೆಯ ದಿನ ಮೊದಲನೇ ಟೋಕನ್ ನಾಗಮಂಗಲ ಕಡೆಯ ಒಬ್ಬ ಗೌಡಪ್ಪ, ಮಂಡಿನೋವು. ಅವನು ಒಳಗೆ ಕಾಲಿಟ್ಟದ್ದೇ ಡಾಕ್ಟರು ಕುರ್ಚಿಯಿಂದ ಎದ್ದು ಕೈ ಮುಗಿದರು. ಗೌಡಪ್ಪ ಹಿಂದೆ ಯಾರಾದರೂ ದೊಡ್ಡವರು ಬಂದರೇನೋ ಅಂತ ತಿರುಗಿ ನೋಡಿದ. ಯಾರೂ ಇಲ್ಲ. ಹತ್ತು ನಿಮಿಷಕ್ಕೆ ಹೊರಗೆ ಬಂದವನ ಮುಖ ಬಿಳಚಿಕೊಂಡಿತ್ತು. ಬೆಂಚಿನ ಮೇಲಿದ್ದ ಹೆಂಡತಿಗೆ, "ಎದ್ದೇಳಮಿ, ಊರಿಗೋಗಾನ. ಡಾಕ್ಟ್ರು ಎದ್ದು ನಿಂತು ಕೈ ಮುಗುದ್ಬುಟ್ರು. ಎಗಲ ಮ್ಯಾಲೆ ಕೈ ಆಕುದ್ರು. ನಂದು ಮುಗೀತು ಅಂತ ಕಾಣ್ತದೆ" ಅಂದ. ಆ ಹೆಂಗಸು ಅಲ್ಲೇ ಅಳಲು ಶುರುಮಾಡಿದಳು. ಬರೀ ಮಂಡಿ ಸವೆತ ಕಣವ್ವಾ ಅಂತ ನಾನು ಹೇಳಿದರೆ, "ಸವೆತಕ್ಕೆ ಯಾರಾದ್ರೂ ಕೈ ಮುಗೀತಾರಾ?" ಅಂತ ನನ್ನನ್ನೇ ಕೇಳಿದಳು. ಆ ಪ್ರಶ್ನೆಗೆ ಮೈಸೂರಿನ ಮೀಟಿಂಗಿನಲ್ಲೂ ಉತ್ತರ ಇರಲಾರದು.

ಮಾತಿಗೆ ಅಡ್ಡ ಬರಬಾರದು ಅನ್ನುವುದಂತೂ ನನ್ನ ಪ್ರಾಣ ತಿಂದಿತು. ಪಾಂಡವಪುರದ ಒಬ್ಬ ಹೆಣ್ಣುಮಗಳು ಬೆನ್ನುನೋವು ಅಂತ ಶುರುಮಾಡಿ, ಬೆನ್ನು ಹಿಡಿದದ್ದು ಯಾವ ದಿನ, ಆ ದಿನ ಮನೆಗೆ ಬಂದಿದ್ದ ನಾದಿನಿ ಎಂಥವಳು, ನಾದಿನಿಯ ಮದುವೆಯಲ್ಲಿ ಬಡಿಸಿದ ಪಾಯಸ ಎಷ್ಟು ತೆಳ್ಳಗಿತ್ತು ಅನ್ನುವವರೆಗೂ ಹೋದಳು. ಡಾಕ್ಟರು ಮುಗುಳ್ನಗುತ್ತಾ ಕೂತಿದ್ದರು. ಹೊರಗೆ ಮೂವತ್ತು ಜನ ನನ್ನ ಕಡೆ ನಗದೆ ಕೂತಿದ್ದರು. "ಏನ್ಲಾ ಸಿದ್ದ, ಒಳಗೆ ಬೀಗರೂಟ ನಡೀತಾ ಅದಾ?" ಅಂತ ಒಬ್ಬ ಕೂಗಿದ. ಇನ್ನೇನಾದರೂ ಕೇಳುವುದಿದೆಯಾ ಅನ್ನುವುದಕ್ಕೆ ಜನ ಮೊದಲು ಹೆದರಿದರು, ಆಮೇಲೆ ರುಚಿ ಹತ್ತಿಸಿಕೊಂಡರು. ಮುರಿದ ಕೈ ಕುತ್ತಿಗೆಗೆ ಕಟ್ಟಿಕೊಂಡಿದ್ದ ಒಬ್ಬ ಮುದುಕ ಬಹಳ ಹೊತ್ತು ಯೋಚಿಸಿ, "ಒಂದು ಕೇಳ್ತೀನಿ ಸಾ, ತಪ್ಪು ತಿಳ್ಕಬ್ಯಾಡಿ. ತಮಗೆ ಒಂದೇ ಮಗುವಂತೆ. ಯಾಕೆ ಒಂದುಕ್ಕೇ ನಿಲ್ಸುದ್ರಿ?" ಅಂದ. ಡಾಕ್ಟರು ಅದನ್ನೂ ತಾಳ್ಮೆಯಿಂದ ಕೇಳಿಸಿಕೊಂಡರಂತೆ. ಉತ್ತರ ಏನು ಕೊಟ್ಟರೋ, ಮುದುಕ ಮಾತ್ರ ಹೊರಗೆ ಬಂದು, "ಸಿದ್ದಣ್ಣ, ಡಾಕ್ಟ್ರು ಏನಂದ್ರು?" ಅಂದ.

ಇಷ್ಟರವರೆಗೆ ನಗುವ ಮಾತು. ಇನ್ನು ಮೇಲಿನದು ಹೇಳಲು ನನಗೆ ಸಂಕಟ, ಆದರೂ ಹೇಳಬೇಕು.

ಬೂಕನಕೆರೆ ಕಡೆಯ ಜಯಮ್ಮ ಅನ್ನುವ ಹೆಣ್ಣುಮಗಳು ಒಂದು ಶುಕ್ರವಾರ ಬಂದಳು. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಮೂರು ಹಸು ಕಟ್ಟಿ ಡೇರಿಗೆ ಹಾಲು ಹಾಕಿ ಮನೆ ನಡೆಸುವವಳು. ಗಂಡನಿಗೆ ಕಣ್ಣು ಮಂದ. ಡಾಕ್ಟರು ಮೂಳೆ ಸರಿ ಕೂರಿಸಿದರು, ನಾನು ಕಟ್ಟು ಹಾಕಿ ಟೋಕನ್ ಕೂಗಲು ಹೊರಗೆ ಹೋದೆ. ಡಾಕ್ಟರು ಅವಳಿಗೆ ಮುಖ ಕೊಟ್ಟು, ನಿಧಾನವಾಗಿ, ಪುಸ್ತಕದ ಕನ್ನಡದಲ್ಲೇ ಹೇಳಿದರಂತೆ: ಊತ ಹೆಚ್ಚಾದರೆ, ಬೆರಳಿನ ಬಣ್ಣ ಬದಲಾದರೆ, ಸ್ಪರ್ಶ ತಿಳಿಯದಿದ್ದರೆ, ತಡೆಯಲಾರದ ನೋವು ಬಂದರೆ, ಹಗಲೋ ರಾತ್ರಿಯೋ ಕೂಡಲೇ ಬರಬೇಕು. ಅರ್ಥ ಆಯ್ತಾ? "ಊ ಸಾ." ಬರೆದ ಹಾಳೆಯ ಮೇಲೆ ಎಡಗೈಯಲ್ಲಿ ಕಷ್ಟಪಟ್ಟು ಸಹಿ ಹಾಕಿದಳು.

ಹೊರಗೆ ಬಂದು ಕೇಳಿದಳು: "ಅಣ್ಣಾ, ಡಾಕ್ಟ್ರು ಏನೋ ಬಾಳ ಏಳುದ್ರು. ಏನಂದ್ರು?" ಅವತ್ತು ಐವತ್ತರ ಮೇಲೆ ಟೋಕನ್ ಆಗಿತ್ತು. ಬೆಳಿಗ್ಗೆಯಿಂದ ಕೂತಿರಲಿಲ್ಲ. "ಏನಿಲ್ಲ ಹೋಗವ್ವ. ಸ್ವಲ್ಪ ನೋವಿರ್ತದೆ. ನೋಯ್ತಾ ಇದ್ರೆ ಮೂಳೆ ಕೂಡ್ಕತಾ ಅದೆ ಅಂತ ಅರ್ಥ" ಅಂದೆ. ಇದು ನಾನು ಕಟ್ಟಿದ ಸುಳ್ಳಲ್ಲ, ನಾನು ನಂಬಿದ್ದ ಮಾತು. ಮರಗೆಲಸದಲ್ಲಿ ಕೀಲು ಬಿಗಿಯಾಗಿ ಕೂತರೇ ಒಳ್ಳೆಯದು. ಕೂರಿಸುವಾಗ ಮರ ಕಿರ್ ಅನ್ನಬೇಕು, ಹಾಗೆ ಅಂದ ಕೀಲು ನೂರು ವರ್ಷ ಅಲ್ಲಾಡುವುದಿಲ್ಲ ಅಂತ ನಮ್ಮಪ್ಪ ಹೇಳಿಕೊಟ್ಟಿದ್ದ. ಮರಕ್ಕೆ ರಕ್ತ ಓಡುವುದಿಲ್ಲ ಅನ್ನುವುದನ್ನು ಅಪ್ಪ ಹೇಳುವ ಅಗತ್ಯವಿರಲಿಲ್ಲ, ನಾನೇ ಯೋಚಿಸಬೇಕಿತ್ತು. ಶನಿವಾರ ಜಯಮ್ಮ ಫೋನು ಮಾಡಿದಳು. "ಅಣ್ಣಾ, ತಡಿಯಕ್ಕಾಯ್ತಾ ಇಲ್ಲ. ಬೆರಳು ಬದನೇಕಾಯಂಗೆ ಆಗವೆ." ನಾನು ಒಂದು ಕೈಯಲ್ಲಿ ಯಾರದೋ ಕಾಲು ಹಿಡಿದುಕೊಂಡಿದ್ದೆ. "ತಡ್ಕಳವ್ವ, ಎರಡು ದಿನ. ಕೂಡ್ಕತಾ ಅದೆ" ಅಂತ ಹೇಳಿ ಫೋನು ಇಟ್ಟೆ.

ಅವಳು ತಡೆದುಕೊಂಡಳು. ನಮ್ಮ ಕಡೆಯ ಹೆಂಗಸರಿಗೆ ತಡೆದುಕೋ ಅಂತ ಹೇಳಬಾರದು, ನಿಜವಾಗಿಯೂ ತಡೆದುಕೊಂಡುಬಿಡುತ್ತಾರೆ. ಸೋಮವಾರ ಬಂದಾಗ ಡಾಕ್ಟರು ಬೆರಳು ನೋಡಿದ್ದೇ ಕಟ್ಟು ಕೊಯ್ಯಲು ಹೇಳಿದರು. ಕೊಯ್ದೆ. ಡಾಕ್ಟರು ಒಂದೊಂದೇ ಬೆರಳನ್ನು ಸೂಜಿಯ ತುದಿಯಿಂದ ಮುಟ್ಟುತ್ತಾ, "ಗೊತ್ತಾಗ್ತದಾ?" ಅಂತ ಕೇಳುತ್ತಾ ಹೋದರು. ಮೂರು ಬೆರಳಿಗೆ "ಊ" ಅಂದಳು. ಉಂಗುರದ ಬೆರಳು, ಕಿರುಬೆರಳು ಎರಡಕ್ಕೂ ಸುಮ್ಮನೆ ಕೂತಳು. ಆಮೇಲೆ, "ಸಾ, ಹಾಲು ಕರಿಯಕ್ಕೆ ಆಯ್ತದಾ?" ಅಂತ ಒಂದೇ ಪ್ರಶ್ನೆ ಕೇಳಿದಳು. ಇನ್ನೇನಾದರೂ ಕೇಳುವುದಿದೆಯಾ ಅಂತ ಡಾಕ್ಟರು ಕೇಳದೆಯೇ ಬಂದ ಪ್ರಶ್ನೆ ಅದೊಂದೇ. ಡಾಕ್ಟರು, "ನೋಡುವ, ಸಮಯ ಬೇಕು" ಅಂದರು.

ಮಂಗಳವಾರ ಅವಳ ಅಣ್ಣ ಬಂದ. ಕಬ್ಬಿನ ಟ್ರಾಕ್ಟರು ಓಡಿಸುವವನು, ಹೆಸರು ಬೋರೇಗೌಡ, ದನಿ ಟ್ರಾಕ್ಟರಿನದೇ. ಗೂಡ್ಸ್ ಗಾಡಿಯ ಹಿಂದೆ ಏಳೆಂಟು ಜನರನ್ನು ನಿಲ್ಲಿಸಿಕೊಂಡು ಬಂದಿದ್ದ, ಜೊತೆಗೆ ಜಯಮ್ಮನನ್ನೂ ಕರೆತಂದಿದ್ದ. ಒಬ್ಬ ಬಾಗಿಲಲ್ಲೇ ಫೋನು ಎತ್ತಿ ವಿಡಿಯೋ ಶುರುಮಾಡಿದ. "ಎಲ್ಲವ್ನೆ ಆ ಡಾಕ್ಟ್ರು? ನಮ್ಮುಡುಗಿ ಕೈ ಸಾಯಿಸ್ಬುಟ್ಟು ಒಳಗೆ ಫ್ಯಾನ್ ಗಾಳಿ ತಗಂತಾ ಕುಂತವ್ನಾ? ಮಂಡ್ಯದಲ್ಲಿ ಕೇಸಾಕ್ತೀನಿ, ಬೋರ್ಡು ಇಳಿಸ್ತೀನಿ!" ಡಾಕ್ಟರು ಹೊರಗೆ ಬಂದರು. ಕೈಯಲ್ಲಿ ಜಯಮ್ಮ ಸಹಿ ಹಾಕಿದ ಹಾಳೆ ಇತ್ತು. ಹಿಂದಿನ ಸಂಜೆ ವಕೀಲ ಗೆಳೆಯರೊಬ್ಬರಿಗೆ ಫೋನು ಮಾಡಿ ಮಾತಾಡಿದ್ದು ನನಗೆ ಕೇಳಿಸಿತ್ತು. ಹಾಳೆ ತೋರಿಸಿ, ತಪ್ಪಾಯ್ತು ಅಂತ ಮಾತ್ರ ಬಾಯಿ ಬಿಡಬೇಡಿ, ನಿಮ್ಮನ್ನು ಯಾರೂ ಅಲ್ಲಾಡಿಸಲಾರರು ಅಂತ ವಕೀಲರು ಅಂದಿದ್ದರಂತೆ.

ಡಾಕ್ಟರು ಹಾಳೆ ಓದಿದರು. ಊತ, ಬಣ್ಣ, ಸ್ಪರ್ಶ, ನೋವು, ಕೂಡಲೇ ಬರಬೇಕು, ಕೆಳಗೆ ಸಹಿ. ಬೋರೇಗೌಡನ ದನಿ ಒಂದು ಗೇರು ಇಳಿಯಿತು. ತಂಗಿಯ ಕಡೆ ತಿರುಗಿ, "ಏನಮಿ, ಇಷ್ಟೆಲ್ಲ ಏಳವ್ರೆ, ನೀನ್ಯಾಕೆ ಮನೇಲಿ ಕುಂತ್ಕಂಡೆ? ನೋವಾಗ್ಲಿಲ್ವಾ?" ಅಂದ.

ಜಯಮ್ಮ ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ ನೆಲ ನೋಡಿ, "ಆಯ್ತು. ಕೂಡ್ಕಳೋ ನೋವು ಅಂತ ಯಾರೋ ಅಂದ್ರು" ಅಂದಳು.

ಯಾರೋ. ಅಣ್ಣಾ ಅಂತ ಕರೆದವಳು, ಸತ್ತ ಬೆರಳು ಮಡಿಲಲ್ಲಿಟ್ಟುಕೊಂಡು ನನ್ನನ್ನು ಯಾರೋ ಮಾಡಿ ಉಳಿಸಿದಳು. ಇನ್ನೊಂದು ನಿಮಿಷ ನಾನು ಸುಮ್ಮನಿದ್ದಿದ್ದರೆ ಎಲ್ಲ ಮುಗಿಯುತ್ತಿತ್ತು. ಡಾಕ್ಟರಿಗೆ ಹಾಳೆ ಇತ್ತು, ನನಗೆ ಅವಳ ಒಳ್ಳೆಯತನ ಇತ್ತು, ಹೇಳಿದ ಮಾತು ಕೇಳದ ಹೆಡ್ಡಿ ಅನ್ನುವ ಹೆಸರು ಮಾತ್ರ ಅವಳಿಗೆ ಉಳಿಯುತ್ತಿತ್ತು. ಆ ಒಂದು ನಿಮಿಷದಲ್ಲಿ ಅರ್ಧ ನಿಮಿಷ ನಾನು ಸುಮ್ಮನಿದ್ದೆ ಅನ್ನುವುದನ್ನೂ ಇಲ್ಲಿ ಬರೆದುಬಿಡುತ್ತೇನೆ.

"ಯಾರೋ ಅಲ್ಲ, ನಾನೇ ಅಂದಿದ್ದು" ಅಂದೆ. "ಶುಕ್ರವಾರ ಇಲ್ಲಿ ಒಂದು ಸಲ, ಶನಿವಾರ ಫೋನಲ್ಲಿ ಒಂದು ಸಲ. ಡಾಕ್ಟರಿಗೆ ಗೊತ್ತಿಲ್ಲ."

ಬೋರೇಗೌಡ ನನ್ನ ಶರ್ಟಿನ ಕಾಲರಿಗೆ ಕೈ ಹಾಕಿದ. "ನೀನ್ಯಾವ ಸೀಮೆ ಡಾಕ್ಟ್ರುಲಾ? ಎಷ್ಟು ಓದಿದ್ದೀಯ, ಏಳು!" ಬೆಂಚಿನ ಮೇಲೆ ನಾಲ್ಕು ತಾಲೂಕಿನ ಜನ ಇದ್ದರು. ಅವರಲ್ಲಿ ಅರ್ಧ ಜನ ನಾನು ಡಾಕ್ಟರಿಕೆಯಲ್ಲಿ ಏನೋ ಸಣ್ಣದೊಂದು ಪಾಸು ಮಾಡಿದ್ದೇನೆ ಅಂದುಕೊಂಡಿದ್ದರು. ನಾನೂ ಅವರ ತಪ್ಪು ತಿದ್ದಲು ಹೋಗಿರಲಿಲ್ಲ. "ಏಳನೇ ಕ್ಲಾಸು. ಅದರಲ್ಲೂ ಫೇಲು" ಅಂದೆ. ವಿಡಿಯೋದವನು ಫೋನನ್ನು ನನ್ನ ಮುಖಕ್ಕೆ ಇನ್ನೂ ಹತ್ತಿರ ತಂದ. ಮೂವತ್ತನಾಲ್ಕು ವರ್ಷದಲ್ಲಿ ನನ್ನನ್ನು ಯಾರೂ ಅಷ್ಟು ಹತ್ತಿರದಿಂದ ಫೋಟೋ ತೆಗೆದಿರಲಿಲ್ಲ.

ಆಗ ಡಾಕ್ಟರು ಆ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು, ಬಂದು, ಜಯಮ್ಮನ ಪಕ್ಕ ಬೆಂಚಿನ ಮೇಲೆ ಕೂತರು. ಎದ್ದು ನಿಲ್ಲುವುದನ್ನು ಕಲಿತು ಬಂದಿದ್ದವರು ಅವತ್ತು ಕೂತರು. "ಅವರನ್ನು ಬಿಡಿ ಗೌಡ್ರೇ. ಇದು ನನ್ನ ಆಸ್ಪತ್ರೆ. ಇಲ್ಲಿ ಯಾರು ಏನು ಹೇಳಿದರೂ ಅದು ನಾನು ಹೇಳಿದ ಹಾಗೇ. ಇವರಿಗೆ ಅರ್ಥ ಆಗಿದೆಯೋ ಇಲ್ಲವೋ ನೋಡದೆ ನಾನು ಸಹಿ ತಗೊಂಡೆ. ತಪ್ಪಾಯ್ತು ಅಮ್ಮಾ" ಅಂದರು. ವಕೀಲರು ಬೇಡ ಅಂದಿದ್ದ ಒಂದೇ ಮಾತನ್ನು, ವಿಡಿಯೋ ಓಡುತ್ತಿರುವಾಗಲೇ ಹೇಳಿದರು.

ಬೋರೇಗೌಡ ನನ್ನ ಕಾಲರು ಬಿಟ್ಟ. ಜಗಳಕ್ಕೆ ತಯಾರಾಗಿ ಬಂದವನಿಗೆ ಎದುರಿನವನೇ ತಪ್ಪಾಯ್ತು ಅಂದರೆ ಕೈ ಎಲ್ಲಿಡಬೇಕು ಅಂತ ತಿಳಿಯುವುದಿಲ್ಲ. ವಿಡಿಯೋದವನಿಗೆ, "ಆಫ್ ಮಾಡ್ಲಾ ಅದ್ನ" ಅಂದ. ಆಮೇಲೆ ಡಾಕ್ಟರಿಗೆ, "ಅಂಗಂತ ಬುಟ್ಬುಟ್ಟೆ ಅನ್ಕಬ್ಯಾಡಿ. ಕೈ ಬರೋಗಂಟ ನೋಡ್ತೀನಿ. ಬರ್ನಿಲ್ಲ ಅಂದ್ರೆ ಇದೇ ಗಾಡೀಲಿ ಮತ್ತೆ ಬತ್ತೀನಿ" ಅಂದು ಹೋದ.

ಐದು ತಿಂಗಳು ವಾರಕ್ಕೆರಡು ಸಲ ಜಯಮ್ಮ ಬಂದಳು. ಅವಳ ಬೆರಳುಗಳನ್ನು ಬಿಸಿನೀರಿನಲ್ಲಿ ಇಳಿಬಿಟ್ಟು, ಮಡಚಿ ಬಿಡಿಸಿ, ರಬ್ಬರ್ ಚೆಂಡು ಹಿಸುಕಿಸುವ ಕೆಲಸ ನನ್ನದಾಯಿತು. ಅವಳು ಬರಲಾಗದ ದಿನ ನಾನೇ ಡ್ಯೂಟಿ ಮುಗಿಸಿ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ಆ ಐದು ತಿಂಗಳು ಅವಳ ಮಂದಗಣ್ಣಿನ ಗಂಡ ತಡವರಿಸಿಕೊಂಡು ಹಾಲು ಕರೆದ. ಒಂದು ಹಸು ಅವನನ್ನು ಒದ್ದು, ಅವನ ಕಾಲಿಗೂ ನಾನೇ ಪಟ್ಟಿ ಕಟ್ಟಿದೆ. ಆ ಮನೆಗೂ ನನಗೂ ಋಣ ಹಾಗಿತ್ತು. ಉಂಗುರದ ಬೆರಳಿಗೆ ಮೂರನೇ ತಿಂಗಳು ಸೂಜಿ ಗೊತ್ತಾಯಿತು. ಅವತ್ತು ಅವಳು "ಅಯ್ಯಪ್ಪಾ!" ಅಂತ ಕಿರುಚಿದ್ದು ನನಗೆ ಮಂಗಳವಾದ್ಯದ ಹಾಗೆ ಕೇಳಿಸಿತು. ಕಿರುಬೆರಳು ಇವತ್ತಿಗೂ ಅರ್ಧ ಮಂಕಾಗಿಯೇ ಇದೆ. ಆದರೆ ಹಾಲು ಕರೆಯುತ್ತಾಳೆ. ಮೂರೂ ಹಸು. ಗೂಡ್ಸ್ ಗಾಡಿ ಮತ್ತೆ ಬರಲಿಲ್ಲ. ಬೋರೇಗೌಡ ಮಾತ್ರ ಒಂದು ದಿನ ಸೊಂಟ ಹಿಡಿದುಕೊಂಡು ಒಬ್ಬನೇ ಬಂದು, ನನ್ನ ಮುಖ ನೋಡದೆ ಟೋಕನ್ ತೆಗೆದುಕೊಂಡ.

ಡಾಕ್ಟರು ಈಗ ಅರ್ಥ ಆಯ್ತಾ ಅಂತ ಕೇಳುವುದನ್ನೇ ಬಿಟ್ಟಿದ್ದಾರೆ. "ಮನೆಗೋದ್ರೆ ನಿಮ್ಮೆಂಡ್ರು, ಡಾಕ್ಟ್ರು ಏನಂದ್ರು ಅಂತ ಕೇಳ್ತಾರಲ್ಲ, ಏನೇಳ್ತೀರಿ? ನಂಗೇಳಿ ನೋಡುವ" ಅನ್ನುತ್ತಾರೆ. ಅರ್ಧ ಮಂಗಳೂರು, ಅರ್ಧ ಮಂಡ್ಯ. ಸಂಜೆ ಕೂತು ಈ ಮಾತುಗಳನ್ನು ನನ್ನ ಹತ್ತಿರವೇ ಕಲಿತರು. ಮೊದಲನೇ ದಿನ ಈ ಪ್ರಶ್ನೆ ಕೇಳಿಸಿಕೊಂಡ ಮುದುಕನೊಬ್ಬ, "ನನ್ನೆಂಡ್ರು ಏನೂ ಕೇಳಾಕಿಲ್ಲ ಸಾ, ಅವ್ಳೇ ಏಳೋದು" ಅಂದನಂತೆ. ಆದರೂ ಹೆಚ್ಚಿನವರು ತಿರುಗಿ ಹೇಳುತ್ತಾರೆ, ತಪ್ಪು ಹೇಳಿದರೆ ಡಾಕ್ಟರು ಇನ್ನೊಂದು ಸಲ ಹೇಳುತ್ತಾರೆ. ಜಯಮ್ಮ ತೋರಿಸಲು ಬಂದ ದಿನ ಬೆಂಚಿನ ಮೇಲೆ ಕಟ್ಟು ಹಾಕಿಸಿಕೊಂಡವರು ಯಾರಿದ್ದರೂ, "ಬೆರಳು ಊದಿದ್ರೆ ಓಡಿ ಬನ್ನಿ ಕಣ್ರವ್ವ, ಯಾರು ಏನಂದ್ರೂ ಕೇಳ್ಬ್ಯಾಡಿ" ಅನ್ನುತ್ತಾಳೆ. ಯಾರು ಅನ್ನುವಾಗ ನನ್ನ ಕಡೆ ನೋಡಿ ನಗುತ್ತಾಳೆ. ನಾನು ಪಟ್ಟಿ ಸುತ್ತುವುದರಲ್ಲಿ ಬಹಳ ಮಗ್ನನಾದವನ ಹಾಗೆ ಇರುತ್ತೇನೆ.

ನನಗೂ ಒಂದು ಕಟ್ಟಳೆಯಾಗಿದೆ. ಮದ್ದಿನ ವಿಷಯ ನನ್ನನ್ನು ಯಾರೇ ಕೇಳಿದರೂ "ಕೂತ್ಕಳಿ", "ಗೊತ್ತಿಲ್ಲ", "ಬನ್ನಿ, ಒಳಗೆ ಹೋಗಿ ಕೇಳಾನ", ಇಷ್ಟರಲ್ಲೇ ಮುಗಿಸಬೇಕು. ಮೊದಲನೆಯದೂ ಮೂರನೆಯದೂ ಸಲೀಸು. ನಡುವಿನದನ್ನು ಹೇಳುವ ಮೊದಲು ಇವತ್ತಿಗೂ ಎರಡು ಸಲ ಕೆಮ್ಮಿಕೊಳ್ಳುತ್ತೇನೆ. ಮನೆಯಲ್ಲಿ ಹೆಂಡತಿಗೆ ಇದನ್ನೆಲ್ಲ ಹೇಳಿದರೆ ಅವಳು ಒಲೆಯಿಂದ ತಲೆ ಎತ್ತದೆ, "ಮೂರು ಮಾತೇ ಜಾಸ್ತಿ ಆಯ್ತು" ಅಂದಳು.

ವಯಸ್ಸು ಐವತ್ತು. ಹೆಂಡತಿ ಒಬ್ಬಳು, ಹೆಣ್ಣುಮಕ್ಕಳು ಇಬ್ಬರು, ಸ್ಕೂಟರು ಒಂದು. ಸವೆದ ಮಂಡಿ ಎರಡು, ಎರಡಕ್ಕೂ ನಮ್ಮ ಡಾಕ್ಟರದೇ ಮದ್ದು. ಆಡಬಹುದಾದ ಮಾತು ಮೂರು, ಅದರಲ್ಲಿ ಬಾಯಿಗೆ ಸಲೀಸಾಗಿ ಬರುವುದು ಎರಡು.